ಪ್ರವಾಸಿಯ ಕಣ್ಣು, ಊರಿನ ಕಾಯಿದೆ

ಮಾರ್ಕ್ ಟ್ವೇನ್ ಎಂಬ ಹೆಸರಿನಿಂದ ಜಗತ್ತಿಗೆ ಪರಿಚಿತನಾದ ಸ್ಯಾಮ್ಯುಯೆಲ್ ಕ್ಲೆಮೆನ್ಸ್ 1867ರ ಜೂನ್ ತಿಂಗಳಲ್ಲಿ ‘ಕ್ವೇಕರ್ ಸಿಟಿ’ ಎಂಬ ಹಬೆಹಡಗನ್ನೇರಿ ನ್ಯೂಯಾರ್ಕಿನಿಂದ ಯೂರೋಪಿನತ್ತ ಹೊರಟಾಗ ಆತನಿಗೆ ಮೂವತ್ತೊಂದು ವರ್ಷ. ಕ್ಯಾಲಿಫೋರ್ನಿಯದ ಪತ್ರಿಕೆಯೊಂದು ಪ್ರಯಾಣದ ವೆಚ್ಚವನ್ನು ಭರಿಸಿತ್ತು. ಪ್ರತಿಯಾಗಿ ಆತ ಅಲ್ಲಲ್ಲಿಂದ ಪತ್ರಗಳನ್ನು ಬರೆಯಬೇಕಿತ್ತು. ಆ ಪತ್ರಗಳೇ ಪರಿಷ್ಕಾರಗೊಂಡು 1869ರಲ್ಲಿ ‘ದಿ ಇನ್ನೊಸೆಂಟ್ಸ್ ಅಬ್ರಾಡ್’ ಎಂಬ ಗ್ರಂಥವಾಗಿ ಪ್ರಕಟವಾದವು. ಅಮೆರಿಕನ್ನನೊಬ್ಬ ಯೂರೋಪನ್ನು ಕಂಡ ಬಗೆಗೆ ಆ ಪುಸ್ತಕ ಇಂದಿಗೂ ಮಾದರಿಯೆನಿಸಿದೆ. ಪ್ರಾಚೀನ ಚರ್ಚುಗಳು, ಚಿತ್ರಶಾಲೆಗಳು, ಸಂತರ ಅಸ್ಥಿಗಳು ಎಲ್ಲವನ್ನೂ ಕುರಿತು ಅಲ್ಲಿ ವ್ಯಂಗ್ಯವಿದೆ. ಆದರೆ ವ್ಯಂಗ್ಯದ ಮರೆಯಲ್ಲಿ ನಿಜವಾದ ದೂರೊಂದು ಮತ್ತೆ ಮತ್ತೆ ತಲೆಯೆತ್ತುತ್ತದೆ: ಯೂರೋಪಿನ ಹೋಟೆಲುಗಳಲ್ಲಿ ಸಾಬೂನು ಇಡುವುದಿಲ್ಲ. ಸಾಬೂನಿಗೇ ಹೆಸರಾದ ಮಾರ್ಸೇಲ್ಸ್ ಪಟ್ಟಣದಲ್ಲಿಯೂ ಇಡುವುದಿಲ್ಲ!

ಈಗ ಸಾಬೂನು ಇಡುತ್ತಾರೆ. ದೂರುಗಳ ಪಟ್ಟಿ ಮಾತ್ರ ಮುಗಿದಿಲ್ಲ. ನೀರಿನ ಲೋಟದಲ್ಲಿ ಮಂಜುಗಡ್ಡೆ ಇರುವುದಿಲ್ಲ, ಕುಡಿಯುವ ನೀರಿಗೂ ಎಷ್ಟೋ ಕಡೆ ದುಡ್ಡು, ಶೌಚಾಲಯಕ್ಕೂ ದುಡ್ಡು. ಒಂದನೆಯ ಮಹಡಿ ಎಂದರೆ ನೆಲದ ಮಟ್ಟದ್ದಲ್ಲ, ಅದರ ಮೇಲಿನದು (ಇದು ನಮಗೆ ಹೊಸತಲ್ಲ, ಆಂಗ್ಲರಿಂದ ನಾವೂ ಹೀಗೆಯೇ ಎಣಿಸಲು ಕಲಿತವರು). ಊಟ ಮುಗಿದರೂ ಕೇಳದೆ ಬಿಲ್ಲು ತರುವುದಿಲ್ಲ. ಜರ್ಮನಿಯ ಎಷ್ಟೋ ನಗರಗಳ ರೈಲು ನಿಲ್ದಾಣಗಳಲ್ಲಿ ತಡೆಗಂಬವೇ ಇಲ್ಲ, ಟಿಕೇಟು ಕೊಂಡಿದ್ದೀರೆಂದು ನಂಬಿಬಿಡುತ್ತಾರೆ. ಅಂಗಡಿಯಲ್ಲಿ ಬರೆದ ಬೆಲೆಯೇ ಕೊಡಬೇಕಾದ ಬೆಲೆ ಎಂಬುದು ಕೂಡ ಅಮೆರಿಕನ್ನನಿಗೆ ಸೋಜಿಗದ ಸಂಗತಿ. ಏಕೆಂದರೆ ಅವನ ನಾಡಿನಲ್ಲಿ ಮಾರಾಟ ತೆರಿಗೆ ರಾಜ್ಯದಿಂದ ರಾಜ್ಯಕ್ಕೆ, ಊರಿನಿಂದ ಊರಿಗೆ ಬೇರೆಯಾಗಿ, ಹಣ ಕೊಡುವ ಕಟ್ಟೆಯಲ್ಲಿ ಕೂಡಿಕೊಳ್ಳುತ್ತದೆ. ಪೊಟ್ಟಣದ ಮೇಲೆ ‘ಎಲ್ಲ ತೆರಿಗೆಗಳೂ ಸೇರಿ’ ಎಂಬ ಅಚ್ಚನ್ನು ನೋಡಿ ರೂಢಿಯಾಗಿರುವ ನಮಗೆ ಈ ಸೋಜಿಗವೇ ಸೋಜಿಗ.

ಇಂತಹ ಪಟ್ಟಿಗಳನ್ನು ಓದುವುದು ಹಿತಕರ. ಆದರೆ ಪಟ್ಟಿಯ ಕೊನೆಗೆ ಪ್ರವಾಸಿಯು ತಪ್ಪದೆ ಒಂದು ತೀರ್ಪನ್ನೂ ಬರೆಯುತ್ತಾನೆ. ಫ್ರೆಂಚರು ಗರ್ವಿಷ್ಠರು, ಜರ್ಮನರು ಗಡುಸು, ಇಟಲಿಯವರು ಸೋಮಾರಿಗಳು, ಒಟ್ಟಿನಲ್ಲಿ ಯೂರೋಪಿನವರಿಗೆ ದುಡಿಮೆಗಿಂತ ವಿರಾಮವೇ ಪ್ರಿಯ ಎಂಬುದಾಗಿ. ನನ್ನ ತಕರಾರು ಇರುವುದು ಈ ತೀರ್ಪಿನ ಬಗೆಗೆ. ಸರಕಾರಿ ಕಚೇರಿಯಲ್ಲಿ ಮೂರು ದಶಕ ಕಳೆದವನಿಗೆ ಅಂಟುವ ದೋಷವೋ ಏನೋ, ಜನರ ‘ಸ್ವಭಾವ’ ಎಂದು ಯಾರಾದರೂ ಹೇಳಿದೊಡನೆ ಅದರ ಹಿಂದೆ ಒಂದು ಕಡತವಿರಬೇಕು, ಕಡತದ ಹಿಂದೆ ಒಂದು ಜಗಳವಿರಬೇಕು ಎಂದು ನನ್ನ ಮನಸ್ಸು ಹುಡುಕತೊಡಗುತ್ತದೆ. ಅಮೆರಿಕನ್ ಪ್ರವಾಸಿ ಯೂರೋಪಿನಲ್ಲಿ ಸಂಸ್ಕೃತಿಯೆಂದು ಗುರುತಿಸುವುದರಲ್ಲಿ ಬಹುಪಾಲು, ಯಾರೋ ಹೋರಾಡಿ ಬರೆಯಿಸಿದ ಕಾಯಿದೆ. ಕಾಯಿದೆ ಹಳತಾದಾಗ ಅಭ್ಯಾಸವಾಯಿತು. ಅಭ್ಯಾಸವನ್ನು ಹೊರಗಿನವನು ಸ್ವಭಾವವೆಂದು ಓದಿದ. ತನ್ನ ಮನೆಯ ಅಭ್ಯಾಸವನ್ನಾದರೋ ಅವನು ಪ್ರಕೃತಿ ನಿಯಮವೆಂದೇ ತಿಳಿದಿದ್ದಾನೆ.

ಭಾನುವಾರದ ಮಾತನ್ನೇ ತೆಗೆದುಕೊಳ್ಳೋಣ. ಜರ್ಮನಿಯ ಯಾವುದೇ ನಗರದಲ್ಲಿ ಭಾನುವಾರ ಬೆಳಗ್ಗೆ ಹೊರಬಿದ್ದ ಅಮೆರಿಕನ್ನನಿಗೆ ಊರೇ ಬಿಟ್ಟುಹೋದಂತೆ ತೋರುತ್ತದೆ. ರೈಲು ನಿಲ್ದಾಣ, ಪೆಟ್ರೋಲು ಬಂಕು, ಸರದಿಯ ಔಷಧಿ ಅಂಗಡಿ, ಕೆಲವು ಗಂಟೆಗಳ ಕಾಲ ರೊಟ್ಟಿಯ ಅಂಗಡಿ. ಇವನ್ನುಳಿದು ಎಲ್ಲವೂ ಮುಚ್ಚಿರುತ್ತವೆ. ಇದು ಧರ್ಮಭೀರುತ್ವವೆನ್ನೋಣವೆಂದರೆ ಚರ್ಚುಗಳೂ ತುಂಬಿರುವುದಿಲ್ಲ. ವಿಷಯವಿಷ್ಟೇ. 1919ರ ವೈಮಾರ್ ಸಂವಿಧಾನದ 139ನೆಯ ವಿಧಿ ಭಾನುವಾರವನ್ನು ದುಡಿಮೆಯಿಂದ ಬಿಡುವಿನ ದಿನವೆಂದು ರಕ್ಷಿಸಿತು. 1949ರ ಸಂವಿಧಾನ ತನ್ನ 140ನೆಯ ವಿಧಿಯ ಮೂಲಕ ಅದನ್ನು ಹಾಗೆಯೇ ಸೇರಿಸಿಕೊಂಡಿತು. 1956ರ ಅಂಗಡಿ ಮುಚ್ಚುವ ಕಾಯಿದೆ ವಾರದ ದಿನಗಳಲ್ಲಿ ಸಂಜೆ ಆರೂವರೆಗೆ ಬಾಗಿಲು ಹಾಕಬೇಕೆಂದು ವಿಧಿಸಿತು. 1989ರಲ್ಲಿ ಗುರುವಾರ ಸಂಜೆ ಮಾತ್ರ ಸಡಿಲ, 1996ರಲ್ಲಿ ರಾತ್ರಿ ಎಂಟರವರೆಗೆ, 2006ರಿಂದ ಆಯಾ ರಾಜ್ಯಗಳ ವಿವೇಚನೆಗೆ, ಹೀಗೆ ಗಂಟೆ ಗಂಟೆಗೂ ಹಗ್ಗಜಗ್ಗಾಟ ನಡೆದಿದೆ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳೂ ಅಂಗಡಿ ತೆರೆಯಬಹುದೆಂದು ಬರ್ಲಿನ್ ರಾಜ್ಯ ಕಾನೂನು ಮಾಡಿದಾಗ ಚರ್ಚುಗಳು ನ್ಯಾಯಾಲಯದ ಮೆಟ್ಟಿಲೇರಿದವು. 2009ರ ಡಿಸೆಂಬರಿನಲ್ಲಿ ಸಂವಿಧಾನ ನ್ಯಾಯಾಲಯ ಆ ಕಾನೂನನ್ನು ಒಪ್ಪಲಿಲ್ಲ. ಪಾದ್ರಿಗಳಿಗೂ ಅಂಗಡಿ ನೌಕರರ ಸಂಘಗಳಿಗೂ ಬೇರೆ ವಿಷಯಗಳಲ್ಲಿ ಎಷ್ಟು ಸ್ನೇಹವೋ ಬಲ್ಲವರೇ ಬಲ್ಲರು. ಭಾನುವಾರದ ಮಟ್ಟಿಗೆ ಅವರು ಒಂದೇ ಪಂಕ್ತಿಯವರು.

ನನ್ನ ಅಕ್ಕನ ಮಗ ನ್ಯೂಜೆರ್ಸಿಯ ಬರ್ಗೆನ್ ಕೌಂಟಿಯಲ್ಲಿ ನೆಲೆಸಿ ಎರಡು ದಶಕಗಳಾದವು. ಹೆಂಡತಿ ಮಕ್ಕಳೊಡನೆ ಯೂರೋಪು ಸುತ್ತಿಬಂದವನು ದೂರವಾಣಿಯಲ್ಲಿ ಹೇಳಿದ: “ಮಾವ, ಈ ಜನಕ್ಕೆ ದುಡಿಯುವ ಮನಸ್ಸೇ ಇಲ್ಲ. ಭಾನುವಾರ ಒಂದು ಅಂಗಿ ಕೊಳ್ಳಬೇಕೆಂದರೆ ಆಗಲಿಲ್ಲ.” ನಾನು ಕೇಳಿದೆ: “ನಿಮ್ಮ ಬರ್ಗೆನ್‌ನಲ್ಲಿ ಭಾನುವಾರ ಅಂಗಿ ಸಿಗುತ್ತದೆಯೇನಪ್ಪ?” ಅಮೆರಿಕದ ಅತಿ ದೊಡ್ಡ ಮಾರಾಟ ಮಳಿಗೆಗಳಿಗೆ ಹೆಸರಾದ ಆ ಕೌಂಟಿಯಲ್ಲಿ ಹಳೆಯ ‘ಬ್ಲೂ ಲಾ’ಗಳ ಪ್ರಕಾರ ಭಾನುವಾರ ಬಟ್ಟೆ, ಪೀಠೋಪಕರಣ, ಗೃಹೋಪಕರಣಗಳನ್ನು ಮಾರುವಂತಿಲ್ಲ. 1993ರಲ್ಲಿ ಜನಮತ ಕೇಳಿದಾಗಲೂ ಅಲ್ಲಿನವರು ಅದನ್ನು ಉಳಿಸಿಕೊಂಡರು. ಅವನು ನಕ್ಕು, “ಅದು ಬೇರೆ ಮಾವ, ವಾರಕ್ಕೊಂದು ದಿನವಾದರೂ ರಸ್ತೆ ಖಾಲಿಯಿರಲಿ ಎಂದು” ಎಂದ. ಅವನದು ಜಾಣ ಉತ್ತರವೇ. ಆದರೆ ನೋಡಿ, ಒಂದೇ ನಿಯಮ ತನ್ನ ಊರಿನಲ್ಲಿದ್ದರೆ ಅದಕ್ಕೆ ಕಾರಣವಿರುತ್ತದೆ. ಪರರ ಊರಿನಲ್ಲಿದ್ದರೆ ಅದು ಅವರ ಮೈಗಳ್ಳತನ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಕೂಡ 1961ರಲ್ಲಿ ಮೇರಿಲ್ಯಾಂಡ್ ರಾಜ್ಯದ ಮೊಕದ್ದಮೆಯೊಂದರಲ್ಲಿ ಭಾನುವಾರದ ಮುಚ್ಚುಗಡೆ ಕಾನೂನುಗಳನ್ನು ಎತ್ತಿಹಿಡಿದಿತ್ತು ಎಂಬುದು ಇಂದಿನ ಅಮೆರಿಕನ್ ಪ್ರವಾಸಿಗೆ ಮರೆತೇಹೋಗಿದೆ.

ಇದಕ್ಕಿಂತ ಸ್ವಾರಸ್ಯಕರವಾದುದು ಟಿಪ್ಸಿನ ಇತಿಹಾಸ. ಪ್ಯಾರಿಸ್ಸಿನ ಹೋಟೆಲಿನಲ್ಲಿ ಊಟ ಮಾಡಿದ ಅಮೆರಿಕನ್ನನು ಬಿಲ್ಲಿನ ಐದನೆಯ ಒಂದು ಪಾಲನ್ನು ತಟ್ಟೆಯಲ್ಲಿಟ್ಟು ಏಳುತ್ತಾನೆ, ಮಾಣಿಗೆ ಆಶ್ಚರ್ಯ. ಪ್ರವಾಸಿ ತಾನು ಉದಾರಿ, ಇವರು ಜಿಪುಣರು ಎಂದುಕೊಳ್ಳುತ್ತಾನೆ. ಮಾಣಿ ಬೇಗ ಬೇಗನೆ ಮೇಜಿನ ಬಳಿ ಬಂದು ಕುಶಲ ವಿಚಾರಿಸದಿದ್ದುದಕ್ಕೆ ಅವರು ಒರಟರು ಎಂದೂ ಸೇರಿಸುತ್ತಾನೆ. ಫ್ರಾನ್ಸಿನಲ್ಲಿ 1987ರಿಂದ ಹೋಟೆಲಿನ ದರಪಟ್ಟಿಯಲ್ಲಿ ನಮೂದಿಸಿದ ಬೆಲೆಯಲ್ಲಿ ಸೇವೆಯ ಮೊಬಲಗೂ ಸೇರಿರಬೇಕೆಂಬ ನಿಯಮವಿದೆ. ಮಾಣಿಗೆ ಸಂಬಳವಿದೆ, ಸಂಬಳದ ರಜೆಯಿದೆ. ಗಿರಾಕಿಯ ಮುಖ ನೋಡಿ ನಗಬೇಕಾದ ಒತ್ತಾಯ ಇಲ್ಲ.

ಅಮೆರಿಕದ ಕಥೆ ಬೇರೆ. ಆದರೆ ಅದು ಅಮೆರಿಕದಲ್ಲಿ ಹುಟ್ಟಿದ ಕಥೆಯಲ್ಲ. 1865ರಲ್ಲಿ ಅಂತರ್ಯುದ್ಧ ಮುಗಿದ ಮೇಲೆ ಯೂರೋಪು ಕಂಡುಬಂದ ಅಮೆರಿಕನ್ ಸಿರಿವಂತರು ಅಲ್ಲಿನ ದೊರೆಮನೆಗಳ ಇನಾಮಿನ ರೂಢಿಯನ್ನು ಬಹುಮಟ್ಟಿಗೆ ತಾವೇ ಹೊತ್ತು ತಂದರು. ಟ್ವೇನ್ ಹಡಗೇರಿದ 1867ರಲ್ಲಿಯೇ ಸ್ಥಾಪನೆಯಾದ ಪುಲ್ಮನ್ ಕಂಪನಿ ತನ್ನ ಮಲಗುವ ರೈಲು ಡಬ್ಬಿಗಳಿಗೆ, ಆಗ ತಾನೇ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ್ದ ಕಪ್ಪು ಜನರನ್ನು ಪರಿಚಾರಕರನ್ನಾಗಿ ನೇಮಿಸಿಕೊಂಡಿತು. ಸಂಬಳ ಅತ್ಯಲ್ಪ, ಉಳಿದುದನ್ನು ಪ್ರಯಾಣಿಕರಿಂದ ನಗುಮುಖ ತೋರಿ ಪಡೆಯಬೇಕು. ಈ ಪದ್ಧತಿ ಪ್ರಜಾಪ್ರಭುತ್ವಕ್ಕೆ ಕಳಂಕವೆಂದು ಅಮೆರಿಕನ್ನರೇ ಕಿಡಿಕಾರಿದರು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸನ್ನು ಅಪರಾಧವೆಂದು ಘೋಷಿಸಿತು, ಇನ್ನೂ ಆರು ರಾಜ್ಯಗಳು ಅದರ ಹಿಂದೆ ಹೋದವು. 1926ರ ಹೊತ್ತಿಗೆ ಆ ಕಾನೂನುಗಳೆಲ್ಲ ರದ್ದಾದವು. ಪುಲ್ಮನ್ ಪರಿಚಾರಕರು 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಅವರ ನೇತೃತ್ವದಲ್ಲಿ ಸಂಘ ಕಟ್ಟಿ, ಹನ್ನೆರಡು ವರ್ಷ ಹೆಣಗಿ, 1937ರಲ್ಲಿ ಕಂಪನಿಯೊಡನೆ ಒಪ್ಪಂದ ಪಡೆದರು. ಹೋಟೆಲು ಮಾಣಿಗಳಿಗೆ ಅಂತಹ ರಾಂಡಾಲ್ಫ್ ದೊರೆಯಲಿಲ್ಲ. 1966ರ ತಿದ್ದುಪಡಿಯೊಂದು ಟಿಪ್ಸನ್ನೇ ಸಂಬಳದ ಭಾಗವಾಗಿ ಲೆಕ್ಕ ಹಿಡಿಯಲು ಮಾಲೀಕನಿಗೆ ಅವಕಾಶ ಕೊಟ್ಟಿತು. 1991ರಲ್ಲಿ ಅವರ ಕನಿಷ್ಠ ಕೂಲಿ ಗಂಟೆಗೆ 2 ಡಾಲರ್ 13 ಸೆಂಟ್ ಎಂದು ನಿಗದಿಯಾದುದು, ಒಕ್ಕೂಟದ ಕಾನೂನಿನಲ್ಲಿ ಇಂದಿಗೂ ಅಷ್ಟೇ ಇದೆ. ಟಿಪ್ಸು ಸೇರಿದರೂ ಸಾಮಾನ್ಯ ಕನಿಷ್ಠ ಕೂಲಿಯ ಮಟ್ಟ ಮುಟ್ಟದಿದ್ದರೆ ಮಾಲೀಕ ತುಂಬಿಕೊಡಬೇಕು ಎಂಬುದುಂಟು. ಕ್ಯಾಲಿಫೋರ್ನಿಯದಂತಹ ಕೆಲವು ರಾಜ್ಯಗಳು ಪೂರ್ಣ ಕೂಲಿಯನ್ನೇ ವಿಧಿಸಿವೆ. ಹಾಗಾಗಿ ಅಮೆರಿಕದ ಮಾಣಿಯ ನಗು ಅವನ ಜನಾಂಗದ ಹೃದಯವೈಶಾಲ್ಯವೋ, 2 ಡಾಲರ್ 13 ಸೆಂಟಿನ ಪರಿಣಾಮವೋ, ವಾಚಕರೇ ಯೋಚಿಸಲಿ. ಯೂರೋಪು ಕೊಟ್ಟ ರೂಢಿಯನ್ನು ಅಮೆರಿಕ ಇಟ್ಟುಕೊಂಡಿತು. ಫ್ರಾನ್ಸಿನಂತಹ ನಾಡುಗಳು ಅದನ್ನು ಬೆಲೆಯೊಳಗೇ ಸೇರಿಸಿಬಿಟ್ಟವು. ಈಗ ಅಮೆರಿಕನ್ನನು ಅಲ್ಲಿ ಹೋಗಿ ‘ನಿಮ್ಮಲ್ಲಿ ಇದಿಲ್ಲವೆ?’ ಎಂದು ಕೇಳುತ್ತಾನೆ.

ಕೊಟ್ಟು ಮರೆತ ವಸ್ತು ಇನ್ನೊಂದಿದೆ. ಅದು ಅಮೆರಿಕವೇ ಕೊಟ್ಟದ್ದು. ಮೇ 1ರಂದು ಪ್ಯಾರಿಸ್ಸಿಗೆ ಬಂದಿಳಿದ ಅಮೆರಿಕನ್ ಪ್ರವಾಸಿಯ ಪಾಡು ಕನಿಕರ ಹುಟ್ಟಿಸುವಂತಹುದು. ಲೂವ್ರ್ ವಸ್ತುಸಂಗ್ರಹಾಲಯ ವರ್ಷದಲ್ಲಿ ಎಂದು ಮುಚ್ಚಿದರೂ ಆ ದಿನ ಮುಚ್ಚುವುದು ಖಚಿತ. ಮೋನಾಲಿಸಾಳ ದರ್ಶನವಿಲ್ಲದೆ ಹಿಂದಿರುಗುವ ಆತ, ಯೂರೋಪಿನವರ ರಜೆಯ ಚಟವನ್ನು ಶಪಿಸುತ್ತಾನೆ. ಈ ರಜೆ ಯಾವ ಊರಿನ ನೆನಪಿಗೆ? ಷಿಕಾಗೋ ನಗರದ ನೆನಪಿಗೆ. ಎಂಟು ಗಂಟೆಯ ದುಡಿಮೆಗಾಗಿ 1886ರ ಮೇ 1ರಂದು ಅಮೆರಿಕದಾದ್ಯಂತ ಕಾರ್ಮಿಕರು ಮುಷ್ಕರ ಹೂಡಿದರು. ಮೇ 4ರಂದು ಷಿಕಾಗೋದ ಹೇಮಾರ್ಕೆಟ್ ಚೌಕದಲ್ಲಿ ಬಾಂಬು ಸಿಡಿಯಿತು. ಮರುವರ್ಷ ನವೆಂಬರಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಲಾಯಿತು. 1889ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಮಾಜವಾದಿಗಳ ಅಂತರರಾಷ್ಟ್ರೀಯ ಸಮ್ಮೇಳನ, ಮೇ 1ನ್ನು ಎಲ್ಲ ದೇಶಗಳ ಕಾರ್ಮಿಕರ ದಿನವಾಗಿ ಆಚರಿಸಲು ಕರೆಯಿತ್ತಿತು. ಅಮೆರಿಕ ಸರಕಾರ 1894ರಲ್ಲಿ ಕಾರ್ಮಿಕರ ದಿನವನ್ನು ಸೆಪ್ಟೆಂಬರಿನ ಮೊದಲ ಸೋಮವಾರಕ್ಕೆ ನಿಗದಿ ಮಾಡಿತು. ಹುಟ್ಟಿದ ಮನೆಯಲ್ಲಿ ಹಬ್ಬವಿಲ್ಲ, ಪರರ ಮನೆಯಲ್ಲಿ ಪೂಜೆ. ಚೆನ್ನೈಯ ನಮ್ಮ ಬಂಧುಗಳಿಗೆ ಇದರ ಇನ್ನೊಂದು ಕೊಂಡಿ ಪರಿಚಿತ. ಭಾರತದಲ್ಲಿ ಮೊದಲ ಮೇ ದಿನವನ್ನು 1923ರಲ್ಲಿ ಸಿಂಗಾರವೇಲರು ಮದರಾಸಿನಲ್ಲಿ ಆಚರಿಸಿದರು. ಮರೀನಾ ಕಡಲ ದಂಡೆಯಲ್ಲಿ ಬಂಡೆಯನ್ನು ಮೀಟುತ್ತಿರುವ ನಾಲ್ವರು ದುಡಿಮೆಗಾರರ ಪ್ರತಿಮೆ, ದೇವಿಪ್ರಸಾದ ರಾಯ್ ಚೌಧುರಿ ಅವರ ಕೃತಿ, ಸಂಜೆ ಗಾಳಿಗೆ ಹೋಗುವವರೆಲ್ಲ ನೋಡಿದ್ದೇ. ಮುಂಬಯಿಯ ವಾಚಕರು ಭಾನುವಾರದ ಬಿಸಿನೀರಿನ ಸ್ನಾನ ಮುಗಿಸಿ ಈ ಪುಟ ತಿರುವುತ್ತಿದ್ದರೆ, ಆ ನಗರದ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ದೊರೆತದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರ ವರ್ಷಗಟ್ಟಲೆಯ ಬೇಡಿಕೆಯ ನಂತರ, ಎಂಬುದನ್ನೂ ನೆನೆಯಬಹುದು.

ಯೂರೋಪಿನ ಆಗಸ್ಟ್ ತಿಂಗಳ ರಜೆಯೂ ಹೀಗೆಯೇ ಗಳಿಸಿದ್ದು. 1936ರ ಬೇಸಗೆಯಲ್ಲಿ ಫ್ರಾನ್ಸಿನ ಕಾರ್ಖಾನೆಗಳನ್ನು ಕಾರ್ಮಿಕರು ಆಕ್ರಮಿಸಿ ಕುಳಿತಾಗ ಲಿಯೋನ್ ಬ್ಲಮ್ ಅವರ ಸರಕಾರ ಎರಡು ವಾರಗಳ ಸಂಬಳದ ರಜೆಯನ್ನು ಕಾನೂನಾಗಿಸಿತು. ಅದು 1956ರಲ್ಲಿ ಮೂರು ವಾರ, 1969ರಲ್ಲಿ ನಾಲ್ಕು, 1982ರಲ್ಲಿ ಐದು ವಾರವಾಯಿತು. ಇಡೀ ಯೂರೋಪಿಯನ್ ಒಕ್ಕೂಟಕ್ಕೆ ಕನಿಷ್ಠ ನಾಲ್ಕು ವಾರವೆಂದು 1993ರ ನಿರ್ದೇಶವೊಂದು ಕಟ್ಟು ಹಾಕಿತು. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಖಾಸಗಿ ನೌಕರನಿಗೆ ಸಂಬಳದ ರಜೆಯ ಹಕ್ಕು ಒಂದು ದಿನದ್ದೂ ಇಲ್ಲ, ಮಾಲೀಕ ಕೊಟ್ಟಷ್ಟು. ಅಮೆರಿಕನ್ನರಿಗೆ ವಿರಾಮ ಬೇಡವೆಂದೇ ಇದರ ಅರ್ಥ? 1933ರ ಏಪ್ರಿಲ್‌ನಲ್ಲಿ ಅಮೆರಿಕದ ಸೆನೆಟ್ ಹ್ಯೂಗೋ ಬ್ಲ್ಯಾಕ್ ಮಂಡಿಸಿದ ಮಸೂದೆಯೊಂದನ್ನು ಅಂಗೀಕರಿಸಿತ್ತು. ವಾರಕ್ಕೆ ಮೂವತ್ತು ಗಂಟೆಯ ದುಡಿಮೆ! ಅದು ಕಾನೂನಾಗಲಿಲ್ಲ. ಆಗಿದ್ದರೆ ಇಂದು ಫ್ರೆಂಚ್ ಪ್ರವಾಸಿಯೊಬ್ಬ ನ್ಯೂಯಾರ್ಕಿಗೆ ಬಂದು ಅಮೆರಿಕನ್ನರ ಆಲಸ್ಯ ಸ್ವಭಾವದ ಬಗೆಗೆ ಪುಸ್ತಕ ಬರೆಯುತ್ತಿದ್ದನೋ ಏನೋ.

ಯೂರೋಪಿನ ಕಾಯಿದೆಗಳೆಲ್ಲ ಪುಣ್ಯಕರವೆಂದು ನನ್ನ ವಾದವಲ್ಲ. 2003ರ ಆಗಸ್ಟಿನಲ್ಲಿ ಫ್ರಾನ್ಸ್ ಬಿಸಿಗಾಳಿಯಲ್ಲಿ ಬೆಂದುಹೋಯಿತು. ಸುಮಾರು 15,000 ಮಂದಿ ಸತ್ತರು, ಬಹುಪಾಲು ವೃದ್ಧರು. ಮನೆಗಳಲ್ಲಿ ಹವಾನಿಯಂತ್ರಣವಿರಲಿಲ್ಲ, ಅಮೆರಿಕನ್ ಪ್ರವಾಸಿ ಯೂರೋಪಿನಲ್ಲಿ ಎಂದಿಗೂ ಗೊಣಗುವ ಕೊರತೆಯಿದು, ಈ ಒಂದು ವಿಷಯದಲ್ಲಿ ಅವನ ಗೊಣಗಾಟ ನ್ಯಾಯವೆಂದೇ ಒಪ್ಪಬೇಕು. ಮಕ್ಕಳು ರಜೆಯ ಮೇಲೆ ಕಡಲತೀರದಲ್ಲಿ, ವೈದ್ಯರೂ ರಜೆಯ ಮೇಲೆ. ಮೇಲಂತಸ್ತಿನ ಕೋಣೆಯಲ್ಲಿ ಮುದುಕಿಯೊಬ್ಬಳೇ. ಎಷ್ಟೋ ಶವಗಳನ್ನು ಕೇಳಿ ಪಡೆಯುವವರೇ ಬರಲಿಲ್ಲ. ಮರುವರ್ಷ ಫ್ರೆಂಚ್ ಸರಕಾರ ವೃದ್ಧರ ಆರೈಕೆಯ ನಿಧಿಗಾಗಿ ವರ್ಷದಲ್ಲಿ ಒಂದು ದಿನ ಕೂಲಿಯಿಲ್ಲದೆ ದುಡಿಯಬೇಕೆಂದು ಕಾನೂನು ತಂದು, ಅದಕ್ಕೆ ‘ಐಕಮತ್ಯದ ದಿನ’ ಎಂದು ಹೆಸರಿಟ್ಟಿತು. ರಜೆ ಕಾಯಿದೆಯ ಮಗು, ರಜೆಯ ಪಾಪಕ್ಕೆ ಪ್ರಾಯಶ್ಚಿತ್ತವೂ ಕಾಯಿದೆಯಿಂದಲೇ! ಆ ದಿನದ ವಿರುದ್ಧ ನಡೆದ ಮುಷ್ಕರಗಳ ಕಥೆ ಬೇರೆ ಇದೆ.

ಹಾಗಾದರೆ ಮಾತು, ಮುಗುಳ್ನಗೆ, ಸಂಬೋಧನೆ ಮೊದಲಾದವುಗಳೂ ಕಾಯಿದೆಯೇ ಎಂದು ವಾಚಕರು ಕೇಳಬಹುದು. ಅಲ್ಲ, ಇಲ್ಲಿ ಸಂಸ್ಕೃತಿಗೆ ಅದರ ಪಾಲನ್ನು ಕೊಡಲೇಬೇಕು. ಫ್ರಾನ್ಸಿನಲ್ಲಿ ಅಂಗಡಿಯೊಳಗೆ ಕಾಲಿಟ್ಟೊಡನೆ ‘ಬೋಂಜೂರ್’ ಎನ್ನದೆ ನೇರ ವ್ಯವಹಾರಕ್ಕಿಳಿಯುವುದು ಅನಾಗರಿಕತೆ. ಅಮೆರಿಕನ್ನನಿಗೆ ಅಂಗಡಿ ಸಾರ್ವಜನಿಕ ಸ್ಥಳ. ಫ್ರೆಂಚನಿಗೆ ಅದು ಇನ್ನೊಬ್ಬರ ಜಗಲಿ. ‘ತು’ ಮತ್ತು ‘ವು’ಗಳ ನಡುವೆ ಎಡವುವ ಇಂಗ್ಲಿಷ್ ನಾಲಗೆಗಿಂತ, ‘ನೀನು’ ‘ನೀವು’ಗಳ ತೂಕ ಬಲ್ಲ ಕನ್ನಡ ನಾಲಗೆ ಇದನ್ನು ಬೇಗ ಅರಿಯುತ್ತದೆ. ಮೇಲಧಿಕಾರಿಯನ್ನು ಏಕವಚನದಲ್ಲಿ ಕರೆಯುವುದು ಹೋಗಲಿ, ಕರೆಯುವ ಯೋಚನೆಯೂ ನಮ್ಮ ಕಚೇರಿಗಳಲ್ಲಿ ಅಸಾಧ್ಯ. ಆದರೆ ಸ್ವೀಡನ್ನಿನಲ್ಲಿ 1967ರಲ್ಲಿ ಬ್ರೂರ್ ರೆಕ್ಸೆಡ್ ಎಂಬ ಅಧಿಕಾರಿ ವೈದ್ಯಕೀಯ ಇಲಾಖೆಯ ಮುಖ್ಯಸ್ಥರಾಗಿ ಬಂದೊಡನೆ, ತಾನು ಸಿಬ್ಬಂದಿಯವರೆಲ್ಲರನ್ನೂ ‘ದು’ ಎಂದೇ ಕರೆಯುವೆನೆಂದೂ ಅವರೂ ತನ್ನನ್ನು ಹಾಗೆಯೇ ಕರೆಯಬೇಕೆಂದೂ ಸಾರಿದರು. ಅದಾಗಲೇ ಬೀಸುತ್ತಿದ್ದ ಗಾಳಿಗೆ ಇದರಿಂದ ರೆಕ್ಕೆ ಬಂದು, ಕೆಲವೇ ವರ್ಷಗಳಲ್ಲಿ ಸ್ವೀಡನ್ ಬಹುವಚನವನ್ನು ಬಿಟ್ಟೇಬಿಟ್ಟಿತು. ಇಂದು ಅಲ್ಲಿಗೆ ಹೋದ ಅಮೆರಿಕನ್ನನು ಸ್ವೀಡಿಷ್ ಜನರ ಸಹಜ ಸಮಾನತಾಗುಣವನ್ನು ಕೊಂಡಾಡುತ್ತಾನೆ. ಇಲಾಖಾ ಮುಖ್ಯಸ್ಥರೊಬ್ಬರು ಭಾಷೆಗೆ ಇಷ್ಟು ಉಪಕಾರ ಮಾಡಿದ ನಿದರ್ಶನ ನಮ್ಮ ಸೇವಾವರ್ಗದಲ್ಲಿ ವಿರಳ.

ನಗೆಯ ವಿಷಯದಲ್ಲಿ ವಾಲ್‌ಮಾರ್ಟ್ ಕಂಪನಿಯ ಅನುಭವವನ್ನು ಎಲ್ಲರೂ ಉದಾಹರಿಸುತ್ತಾರೆ. 1997ರಲ್ಲಿ ಜರ್ಮನಿಗೆ ಕಾಲಿಟ್ಟ ಆ ಅಮೆರಿಕನ್ ಕಂಪನಿ ಬಾಗಿಲಲ್ಲಿ ಸ್ವಾಗತಕಾರರನ್ನು ನಿಲ್ಲಿಸಿತು, ಗಿರಾಕಿಗಳನ್ನು ಕಂಡು ನಗಬೇಕೆಂದು ನೌಕರರಿಗೆ ಕಲಿಸಿತು. ಅಪರಿಚಿತರ ನಗುವಿನಿಂದ ಜರ್ಮನರು ಇರುಸುಮುರುಸುಗೊಂಡರು. 2006ರಲ್ಲಿ ಕಂಪನಿ ಅಂಗಡಿಗಳನ್ನು ಮಾರಿ ಹೊರನಡೆಯಿತು. ಸಂಸ್ಕೃತಿಯ ಮುಂದೆ ಬಂಡವಾಳ ಸೋತಿತೆಂದು ಈ ಕಥೆಯನ್ನು ಹೇಳುವುದು ವಾಡಿಕೆ. ಆಲ್ಡಿ, ಲಿಡ್ಲ್ ಮುಂತಾದ ಸ್ಥಳೀಯ ಅಂಗಡಿಗಳು ಅದಾಗಲೇ ಅಗ್ಗವಾಗಿ ಮಾರುತ್ತಿದ್ದವು, ಕಾರ್ಮಿಕ ಸಂಘಗಳೊಡನೆ ಕಂಪನಿಗೆ ಹೊಂದಿಕೆಯಾಗಲಿಲ್ಲ, ನೌಕರರು ತಮ್ಮೊಳಗೆ ಪ್ರೇಮಿಸಬಾರದೆಂಬ ಅದರ ಒಳನಿಯಮವನ್ನು 2005ರಲ್ಲಿ ಜರ್ಮನ್ ಕಾರ್ಮಿಕ ನ್ಯಾಯಾಲಯ ಒಪ್ಪಲಿಲ್ಲ. ಇವನ್ನೆಲ್ಲ ಬಿಟ್ಟು ನಗುವನ್ನೊಂದೇ ಹಿಡಿದುಕೊಳ್ಳುವುದು ಸುಲಭ. ನಷ್ಟದ ಲೆಕ್ಕಕ್ಕೆ ‘ಅಲ್ಲಿನ ಜನರೇ ಹಾಗೆ’ ಎಂಬುದಕ್ಕಿಂತ ಹಗುರವಾದ ವಿವರಣೆ ಯಾವುದಿದ್ದೀತು?

ಯೂರೋಪನ್ನು ಕಂಡ ಅಮೆರಿಕನ್ನರಲ್ಲಿ ನನಗೆ ಹೆಚ್ಚು ಆಪ್ತರೆನಿಸುವವರು ಜೇಮ್ಸ್ ಬಾಲ್ಡ್‌ವಿನ್. 1948ರ ನವೆಂಬರಿನಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ಸುಮಾರು ನಲವತ್ತು ಡಾಲರುಗಳೊಡನೆ ಪ್ಯಾರಿಸ್ಸಿಗೆ ಬಂದಿಳಿದ ಈ ಕಪ್ಪು ಲೇಖಕರು ಹಡಗು ಹತ್ತಿದ್ದು ಚಿತ್ರಶಾಲೆಗಳನ್ನು ನೋಡಲಲ್ಲ. ಸ್ವದೇಶದ ವರ್ಣದ್ವೇಷದಲ್ಲಿ ಉಸಿರುಗಟ್ಟಿ. ಮರುವರ್ಷದ ಡಿಸೆಂಬರಿನಲ್ಲಿ, ಪರಿಚಿತನೊಬ್ಬ ಬೇರೆ ಹೋಟೆಲಿನಿಂದ ತಂದಿದ್ದ ಹೊದಿಕೆಯೊಂದು ಅವರ ಕೋಣೆಯಲ್ಲಿ ಸಿಕ್ಕಿದ್ದಕ್ಕಾಗಿ ಫ್ರೆಂಚ್ ಪೋಲೀಸರು ಅವರನ್ನು ಹಿಡಿದೊಯ್ದರು. ಎಂಟು ದಿನ ಸೆರೆವಾಸ. ಅಮೆರಿಕದ ಪೋಲೀಸನ ಮುಖಚರ್ಯೆಯನ್ನು ಓದಿ ಬಚಾವಾಗುವ ವಿದ್ಯೆ ಅವರಿಗೆ ಗೊತ್ತಿತ್ತು, ಫ್ರೆಂಚ್ ಪೋಲೀಸನ ಮುಖ ಅವರಿಗೆ ಓದಲು ಬಾರದ ಲಿಪಿ. ಅಲ್ಲಿ ಅವರು ಕಪ್ಪು ಮನುಷ್ಯನಾಗಿರಲಿಲ್ಲ, ಬರೀ ಅಮೆರಿಕನ್ನನಾಗಿದ್ದರು. ಕೊನೆಗೆ ನ್ಯಾಯಾಲಯದಲ್ಲಿ ಹೊದಿಕೆಯ ವೃತ್ತಾಂತ ಕೇಳಿ ಸಭಿಕರು ಗೊಳ್ಳೆಂದು ನಕ್ಕಾಗ, ಆ ನಗು ಮಾತ್ರ ಅವರಿಗೆ ಊರಿನದೇ ಎನಿಸಿತು. ಬಡವನ ಪಾಡನ್ನು ದೂರದಿಂದ ನೋಡುವವರ ನಗು ಎಲ್ಲ ದೇಶಗಳಲ್ಲೂ ಒಂದೇ. ಮುಂದೆ ಸ್ವಿಜರ್ಲೆಂಡಿನ ಲೋಯಿಕರ್‌ಬಾಡ್ ಎಂಬ ಬೆಟ್ಟದ ಹಳ್ಳಿಯಲ್ಲಿ ಉಳಿದಾಗ, ಅಲ್ಲಿನ ಮಕ್ಕಳು ಅವರ ಕೂದಲನ್ನು ಮುಟ್ಟಿ ನೋಡಿ ಬೆರಗಾದುದನ್ನೂ, ಹಬ್ಬದಲ್ಲಿ ಮುಖಕ್ಕೆ ಮಸಿ ಬಳಿದುಕೊಂಡು ಆಫ್ರಿಕದ ಮಿಷನರಿಗಳಿಗಾಗಿ ಕಾಸು ಕೂಡಿಸುವುದನ್ನೂ 1953ರ ಪ್ರಬಂಧದಲ್ಲಿ ಬರೆದರು. ತನಗೆ ‘ಬೋಂಜೂರ್’ ಎನ್ನುವ ಪ್ಯಾರಿಸ್ಸು ಅಲ್ಜೀರಿಯದವನನ್ನು ಹೇಗೆ ನಡೆಸಿಕೊಳ್ಳುತ್ತದೆಂಬುದನ್ನೂ ಕಂಡು, ದಶಕಗಳ ನಂತರ ಬರೆದರು. ಮಂಜುಗಡ್ಡೆಯ ಪಟ್ಟಿ ಮಾಡುವ ಪ್ರವಾಸಿಗೆ ಈ ಕಣ್ಣು ಬರುವುದಿಲ್ಲ. ಬಾಲ್ಡ್‌ವಿನ್ನರಿಗೆ ಬಂದದ್ದೇಕೆಂದರೆ ತಮ್ಮ ಊರಿನ ರೀತಿಯನ್ನು ಪ್ರಕೃತಿ ನಿಯಮವೆಂದು ಅವರು ಎಂದೂ ನಂಬಿರಲಿಲ್ಲ. ಅದು ಮನುಷ್ಯರು ಬರೆದ ಕಾಯಿದೆಯೆಂಬುದು ಅವರ ಮೈಗೆ ತಿಳಿದಿತ್ತು.

ಹೊರನಾಡಿನಲ್ಲಿ ಬಾಳುವ ನಾವು ದಿನವೂ ಪ್ರವಾಸಿಗಳೇ. ಸಂಘದ ಊಟದ ಪಂಕ್ತಿಯಲ್ಲಿ ಕುಳಿತಾಗ ‘ಈ ಊರಿನವರು’ ಎಂದು ಆರಂಭವಾಗುವ ವಾಕ್ಯಗಳನ್ನು ಎಷ್ಟು ಕೇಳಿಲ್ಲ! ಮುಂಬಯಿಯವರು ಮನೆಗೆ ಕರೆಯುವುದಿಲ್ಲ ಎಂಬ ದೂರಿದೆ. ಒಂದೂವರೆ ಕೋಣೆಯ ಮನೆ, ಎರಡು ಕಡೆಯಿಂದ ಮೂರು ಗಂಟೆಯ ಲೋಕಲ್ ಪ್ರಯಾಣ, ಇವುಗಳ ಮಾತಿಲ್ಲ. ದೆಹಲಿಗೆ ಹೊಸದಾಗಿ ವರ್ಗವಾಗಿ ಬಂದ ಕಿರಿಯ ಮಿತ್ರರೊಬ್ಬರು ಸೋಮವಾರ ಕರೋಲ್ ಬಾಗಿಗೆ ಹೋಗಿ, ಬಾಗಿಲು ಹಾಕಿದ ಅಂಗಡಿಗಳನ್ನು ಕಂಡು ಪಂಜಾಬಿ ವರ್ತಕರ ಸುಖಲೋಲುಪತೆಯ ಬಗೆಗೆ ನನಗೆ ಉಪನ್ಯಾಸ ನೀಡಿದರು. ಕರೋಲ್ ಬಾಗಿಗೆ ಸೋಮವಾರ, ಕನಾಟ್ ಪ್ಲೇಸಿಗೆ ಭಾನುವಾರ, ಹೀಗೆ ಒಂದೊಂದು ಪೇಟೆಗೆ ಒಂದೊಂದು ವಾರದ ರಜೆ. ಅಂಗಡಿ ಹುಡುಗನಿಗೆ ಒಂದು ದಿನದ ಬಿಡುವು ಸಿಗಲೆಂದು ಮಾಡಿದ ಏರ್ಪಾಡು. ನಮ್ಮ ಬಗೆಗೆ ಇತರರು ಹೇಳುವ ಒಳ್ಳೆಯ ಮಾತುಗಳಿಗೂ ಇದೇ ಗತಿ. ಉಡುಪಿ ಹೋಟೆಲಿನ ಹುಡುಗ ಹಗಲು ತಟ್ಟೆ ತೊಳೆದು ರಾತ್ರಿ ಓದಿ ಮುಂದೆ ಬಂದದ್ದು ಕರಾವಳಿಯವರ ರಕ್ತಗುಣವೆಂದು ಹೊಗಳುತ್ತಾರೆ, ನಾವೂ ಹಿಗ್ಗುತ್ತೇವೆ. ಮುಂಬಯಿಯಲ್ಲಿ ಕನ್ನಡ ರಾತ್ರಿ ಶಾಲೆಗಳು ಇಲ್ಲದಿದ್ದರೆ, ಹೋಟೆಲು ಮಾಲೀಕನು ಸಂಜೆ ಅವನನ್ನು ಬಿಡದಿದ್ದರೆ, ಆ ರಕ್ತಗುಣ ಏನು ಮಾಡುತ್ತಿತ್ತು? ರಾತ್ರಿ ಶಾಲೆಗಳ ಬಾಗಿಲು ಒಂದೊಂದಾಗಿ ಮುಚ್ಚಿದಾಗ ನಾವು ಹೆಚ್ಚು ಗದ್ದಲ ಮಾಡಲಿಲ್ಲ. ಗುಣ ರಕ್ತದಲ್ಲಿದೆಯೆಂದು ನಂಬಿದವನಿಗೆ ಶಾಲೆ ಏಕೆ ಬೇಕು?

ಸ್ವಭಾವವೆಂದು ಕರೆದುಬಿಟ್ಟರೆ ಕಾಯಬೇಕಾದ್ದೇನೂ ಉಳಿಯುವುದಿಲ್ಲ ಎಂಬ ಭ್ರಮೆ ಯೂರೋಪಿನವರಿಗೂ ಇದೆ. ಡೆನ್ಮಾರ್ಕಿನಲ್ಲಿ ಈಸ್ಟರಿನ ನಂತರದ ನಾಲ್ಕನೆಯ ಶುಕ್ರವಾರ ‘ಮಹಾಪ್ರಾರ್ಥನೆಯ ದಿನ’ವೆಂದು 1686ರಿಂದ ರಜೆಯಿತ್ತು. ಅಷ್ಟು ಹಳೆಯ ರಜೆಯನ್ನು ಯಾರು ಮುಟ್ಟಿಯಾರು ಎಂದು ಅಲ್ಲಿನವರು ನಿಶ್ಚಿಂತೆಯಿಂದಿದ್ದರು. 2023ರಲ್ಲಿ ಸರಕಾರ ರಕ್ಷಣಾ ವೆಚ್ಚಕ್ಕೆ ಹಣ ಹೊಂದಿಸುವ ಕಾರಣ ನೀಡಿ ಆ ರಜೆಯನ್ನು ರದ್ದುಪಡಿಸುವ ಕಾನೂನು ತಂದಿತು. ಕಾರ್ಮಿಕ ಸಂಘಗಳು ಕೋಪನ್ ಹೇಗನ್ನಿನಲ್ಲಿ ಭಾರಿ ಮೆರವಣಿಗೆ ನಡೆಸಿದರೂ ಫಲವಾಗಲಿಲ್ಲ. 2024ರಿಂದ ಅದು ದುಡಿಮೆಯ ದಿನ. ಫ್ರಾನ್ಸಿನಲ್ಲಿ 2025ರ ಜುಲೈನಲ್ಲಿ ಪ್ರಧಾನಿ ಬೈರೂ ಇದೇ ರೀತಿ ಎರಡು ರಜೆಗಳನ್ನು ತೆಗೆಯಲು ಹೊರಟು, ಸೆಪ್ಟೆಂಬರಿನಲ್ಲಿ ವಿಶ್ವಾಸಮತ ಕಳೆದುಕೊಂಡು ಅಧಿಕಾರ ಬಿಟ್ಟರು. ಅವರ ನಂತರ ಬಂದವರು ಆ ಪ್ರಸ್ತಾವವನ್ನು ಕೈಬಿಟ್ಟರು. ಇನ್ನು ಹತ್ತು ವರ್ಷಗಳ ನಂತರ ಆ ಶುಕ್ರವಾರದಂದು ಕೋಪನ್ ಹೇಗನ್ನಿಗೆ ಹೋಗುವ ಅಮೆರಿಕನ್ ಪ್ರವಾಸಿ, ಅಂಗಡಿಗಳೆಲ್ಲ ತೆರೆದಿರುವುದನ್ನು ಕಂಡು, ಡೇನರು ಮೊದಲಿನಿಂದಲೂ ವ್ಯವಹಾರಕುಶಲರೆಂದು ಮನೆಗೆ ಪತ್ರ ಬರೆಯುತ್ತಾನೆ.